ವಾಸಿಯಾಗುತ್ತಿರುವ ಆಲೂಗಡ್ಡೆ

ನಮ್ಮ ಚಿಕ್ಕಪ್ಪನ ಮನೆಯಲ್ಲಿ ಆಲೂಗಡ್ಡೆ ನೋಡಲು ಸಿಗುತ್ತದೆ, ತಿನ್ನಲು ಸಿಗುವುದಿಲ್ಲ! ಇದು ತಿಳಿಯದೆ, ಮೊದಲ ಸಲ ಅವನ ಊರು ಗೆಟ್ಟವಾಡಿಗೆ ಹೋದಾಗ, ನಾನು ಬಂದ ದಿನವೇ ಅವನು ಕುಯ್ದು ಕಿಟಕಿಯಲ್ಲಿಟ್ಟಿದ್ದ ಹೋಳುಗಳನ್ನು ಪಲ್ಯಕ್ಕೆ ಹಾಕಿಬಿಟ್ಟೆ. ಚಿಕ್ಕಪ್ಪ ಬಾಣಲೆಯ ಮುಂದೆ ತಲೆ ಮೇಲೆ ಕೈ ಹೊತ್ತು ನಿಂತ.

"ಅದು ವಾಸಿ ಆಯ್ತಿತ್ತು ಕಣ್ಲಾ!"

ಮದುವೆಯಿಲ್ಲ, ಮಕ್ಕಳಿಲ್ಲ. ಆಯುಸ್ಸಿನ ಮುಕ್ಕಾಲು ಪಾಲನ್ನು ಪ್ರಯೋಗಾಲಯದಲ್ಲಿ ಗಡ್ಡೆ ಕುಯ್ಯುವುದರಲ್ಲೇ ಕಳೆದವನು. ನಿವೃತ್ತನಾದ ಮೇಲೆ ಪ್ರಯೋಗಾಲಯ ಅವನನ್ನು ಬಿಟ್ಟಿತು, ಅವನು ಗಡ್ಡೆಯನ್ನು ಬಿಡಬೇಕಲ್ಲ! ತಾಳವಾಡಿಯ ಸಂತೆಯಲ್ಲಿ ಎಲ್ಲರೂ ನುಣ್ಣಗಿರುವುದನ್ನು ಆರಿಸಿದರೆ, ಇವನು ಗುದ್ದಲಿ ತಾಗಿದವನ್ನೇ ಹುಡುಕಿ ಚೀಲಕ್ಕೆ ತುಂಬುತ್ತಾನೆ. ಅಂಗಡಿಯವನಿಗೆ ಸಾಕ್ಷಾತ್ ದೇವರು ಬಂದಂತೆ!

"ಗಡ್ಡೆಯ ಜೀವಕಣದೊಳ್ಗ ಜೀನುಗಳು ಪ್ರೋಟೀನಿಗೆ ಸುತ್ಕಂಡು ಮನಗಿರ್ತವ. ಗಾಯ ಆದ್ರ ಪ್ರೋಟೀನು ಪಟ್ಟು ಸಡ್ಲ ಬುಡ್ತದ, ಬೇಕಾದ ಜೀನು ಎದ್ದು ಪೊರೆ ಕಟ್ಟಾಕ ಸುರು ಮಾಡ್ತದ" ಎಂದು ವಿವರಿಸಿದ.

"ಹಾಗಾದರೆ ಗಾಯವಾಗುವುದು ಒಳ್ಳೆಯದೇ?"

"ಒಳ್ಳೇದು ಅಂತ ಯಾರಂದ್ರು? ಗಾಯ ಆದ್ಮೇಲ ಸುಮ್ನ ಇರಾಕಾಗಕಿಲ್ಲ, ಅಷ್ಟೆ."

ಎಲ್ಲಕ್ಕಿಂತ ದೊಡ್ಡ ತೊಂದರೆಯೆಂದರೆ, ಇವನ ಪ್ರಯೋಗಕ್ಕೂ ನನ್ನ ಬಸ್ಸಿಗೂ ಒಂದೇ ಮುಹೂರ್ತ! ನಾನು ಚೀಲ ಎತ್ತಿದೊಡನೆ ಚಾಕು ಹಿಡಿದು ಬರುತ್ತಾನೆ. ಒಂದು ಗಡ್ಡೆ ಕುಯ್ದು, "ನಾಳಿದ್ದು ಒತ್ತಾರೆಗೆ ಪೊರೆ ಕಟ್ತದ, ನೋಡ್ಕಂಡ್ ಓಗು" ಎನ್ನುತ್ತಾನೆ. ಆಲೂಗಡ್ಡೆ ವಾಸಿಯಾಗುವುದನ್ನು ಕಾಯಲು ನನ್ನ ಆಫೀಸಿನಲ್ಲಿ ಯಾರು ರಜೆ ಕೊಡುತ್ತಾರೆ, ಹೇಳಿ!

ಕಳೆದ ತಿಂಗಳೂ ಹಾಗೇ ಆಯಿತು. ನಗುತ್ತಾ ಹೊರಟು ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದೆ. ಚಿಕ್ಕಪ್ಪನ ಮನೆಗೆ ಹಾಲು ಹಾಕುವ ಹೆಂಗಸು ಎದುರಾದಳು.

"ದಿನಾ ಗಡ್ಡೆ ಕುಯ್ದು ಕುಯ್ದು ಬೇಜಾರಾಗೋದಿಲ್ಲವೇ ಅವನಿಗೆ?" ಎಂದು ತಮಾಷೆ ಮಾಡಿದೆ.

ಅವಳು ನಗಲಿಲ್ಲ. "ದಿನಾ ಎಲ್ ಕುಯ್ದರು? ನೀವ್ ಬಂದಾಗ್ಲೇ ಕಣಣ್ಣ ಅವ್ರು ಕುಯ್ಯದು. ಬಾಕಿ ದಿನ ಒಲೇನೂ ಅಚ್ಚಾಕಿಲ್ಲ. ಬನ್ನು ತಿಂದ್ಕಂಡು ಮನಿಕತರ."

ಬಸ್ಸು ಬಂತು. ಕಂಡಕ್ಟರ್ ಕೂಗಿದ. ನಾನು ಹತ್ತಲಿಲ್ಲ.

ವಾಪಸು ಹೋದಾಗ ಚಿಕ್ಕಪ್ಪ ಅಡುಗೆಮನೆಯಲ್ಲಿ, ಹಚ್ಚದ ಒಲೆಯ ಮುಂದೆ ಕೂತಿದ್ದ. ಪಕ್ಕದ ಪಾತ್ರೆಯಲ್ಲಿ ಅಕ್ಕಿ ನೆನೆಯುತ್ತಿತ್ತು. ಒಬ್ಬನಿಗೆ ಅಷ್ಟು ಬೇಕಿರಲಿಲ್ಲ.

ನನ್ನನ್ನು ನೋಡಿ ಅವನು ಗಡಬಡಿಸಿ ಬೆಂಕಿಪೊಟ್ಟಣ ಹುಡುಕತೊಡಗಿದ.

"ಬಸ್ಸು ಗಿಸ್ಸು ತಪ್ಪೋದ್ರ ಇರ್ಲಿ ಅಂತ ನೆನಾಕಿವ್ನಿ ಕಣ್ಲಾ" ಎಂದ.