ಮಗಳ ಯಹೂದಿ ಗಾಯಕ, ನನ್ನ ಮೂಗು

ಇಂಥ ಫಜೀತಿಗಳು ಬೇರೆಯವರ ಮನೆಗೆ ಅಪರೂಪಕ್ಕೆ ಬಂದು ಹೋಗುತ್ತವೆ. ನಮ್ಮ ಮನೆಯಲ್ಲಿ ಮಾತ್ರ ಚಪ್ಪಲಿ ಬಿಟ್ಟು, ಸೋಫಾದ ಮೇಲೆ ಕಾಲು ಮಡಚಿ ಕೂತೇಬಿಡುತ್ತವೆ. ಕರೆದು ಕೂರಿಸುವವನು ನಾನೇ ಎಂಬುದು ಹೆಂಡತಿಯ ಆರೋಪ. ಆಕೆ ಇದನ್ನು ಓದುವವಳಾದ್ದರಿಂದ ಆದಷ್ಟು ಸತ್ಯವನ್ನೇ ಬರೆಯುತ್ತೇನೆ. ಸತ್ಯ ಸಪ್ಪೆಯಾದ ಕಡೆ ಮಾತ್ರ ಒಂಚೂರು ಉಪ್ಪು, ಖಾರ.

ನಾನು ಕುವೈತಿನ ರಾಯ್‌ನಲ್ಲಿ ಕಮೋಡು, ನಲ್ಲಿ, ಬಾತ್‌ಟಬ್ಬು ಮಾರುವ ಶೋರೂಮಿನವನು. ಮನೆ ಖೈತಾನಿನಲ್ಲಿ. ಮಗಳು ಎಗೈಲಾದ ಮಾಲಿನ ಒಂದು ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ನಾವು ಕೊಂಕಣಿಯಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಇಲ್ಲಿ ಎರಡನ್ನೂ ಕನ್ನಡಕ್ಕೆ ಎಳೆದು ತಂದಿದ್ದೇನೆ.

ಈ ವರ್ಷ ನಮ್ಮ ಕರಾವಳಿಯವರ ಸಂಘ ವಾರ್ಷಿಕೋತ್ಸವದ ಅರ್ಧ ಗಂಟೆಯನ್ನು ಮೊದಲ ಸಲ ಹರೆಯದವರ ಕೈಗೆ ಕೊಟ್ಟಿತು. ಅದರಲ್ಲಿ ನಾಟಕ ಬರೆದು ಆಡಿಸುವ ಹೊಣೆ ನನ್ನ ಮಗಳದ್ದು. ಚೆನ್ನಾಗಿ ಆದರೆ ಮುಂದಿನ ವರ್ಷವೂ ಅರ್ಧ ಗಂಟೆ ಸಿಗುತ್ತದೆ. ಕೆಟ್ಟರೆ ಆ ಹೊತ್ತು ಮತ್ತೆ ದಂಪತಿಗಳ ಫ್ಯಾನ್ಸಿ ಡ್ರೆಸ್ಸಿಗೆ. ಪಾಪ, ಅವಳ ನಾಟಕಕ್ಕಿದ್ದ ಅಪಾಯ ಒಂದೇ. ಅದು ನಾನು.

೧. ಇಲ್ಲದ ಸಿನಿಮಾ

ಶುಕ್ರವಾರ ರಜೆ, ಸಂಜೆ ನಮ್ಮ ಮನೆಯಲ್ಲಿ ಸಿನಿಮಾ. ಕಟ್ಟಡದ ಕೆಳಗೆ ಅಂಗಡಿ ಇಟ್ಟಿರುವ ನನ್ನ ಬ್ಯಾರಿ ಗೆಳೆಯ ಹುರಿಗಡಲೆ ಹಿಡಿದು ಬರುತ್ತಾನೆ. ಸಿನಿಮಾ ಆರಿಸುವವಳು ಮಗಳು. ಅವಳಿಗೆ ಒಂದೇ ಹುಚ್ಚು: ನಿಜವಾಗಿ ಬದುಕಿದ ಪಾಪ್ ಹಾಡುಗಾರರ ಕಥೆ. ಬಡತನ, ಗಿಟಾರ್, ಹೆಸರು, ಕುಡಿತ, ಕೊನೆಗೆ ದೊಡ್ಡ ಮೈದಾನದಲ್ಲಿ ಹಾಡು. ನಾನು ಕುಡಿತದ ಹೊತ್ತಿಗೆ ನಿದ್ದೆ ಹೋಗಿ ಮೈದಾನದ ಹೊತ್ತಿಗೆ ಏಳುತ್ತೇನೆ.

ಒಂದು ದಿನ ಅವಳು ನಡುವೆ ಸಿನಿಮಾ ನಿಲ್ಲಿಸಿದಳು. ಹಾಡುಗಾರ ಯಹೂದಿ ಮನೆಯವನಾಗಿದ್ದರೆ ಈ ಸಿನಿಮಾದವರು ಸುರುವಿಗೆ ಒಬ್ಬಳು ಅಜ್ಜಿ, ಒಂದು ಬಟ್ಟಲು ಸೂಪು, ಎರಡು ಮೇಣದ ಬತ್ತಿ ತೋರಿಸುತ್ತಾರಂತೆ. ಆಮೇಲೆ ಅವನು ಹೆಸರು ಬದಲಿಸುತ್ತಾನೆ, ಅಜ್ಜಿ ಮಾಯ. ಅಲ್ಲಿಂದ ಮುಂದೆ ಯಹೂದಿ ಎಂದು ಉಳಿಯುವವನು ಮ್ಯಾನೇಜರ್ ಒಬ್ಬನೇ. ಅವನಿಗೆ ದಪ್ಪ ಕನ್ನಡಕ, ಉದ್ದ ಮೂಗು, ಹಾಡುಗಾರನ ಕಿಸೆಯ ಮೇಲೆ ಕಣ್ಣು.

ಅವಳು ಹೇಳಿದ್ದು ಸರಿಯೇ. ಆದರೆ ಮಕ್ಕಳು ಸರಿ ಹೇಳಿದಾಗ ತಕ್ಷಣ ಒಪ್ಪಿಬಿಡುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ.

"ಎಲ್ಲಾ ಹಾಗಿಲ್ಲ. ಹಾಗಿಲ್ಲದ್ದು ಒಂದು ನಾನು ನೋಡಿದ್ದೇನೆ" ಅಂದೆ.

"ಯಾವುದು?"

ಹೆಸರು ನಾಲಿಗೆಯ ತುದಿಯಲ್ಲೇ ಉಂಟು ಎಂದು ಹೇಳಿ, ಕಥೆಯನ್ನು ಅಲ್ಲೇ ಕೂತು ಕಟ್ಟಿದೆ. ಹಿಮ ಬೀಳುವ ಊರು, ಹೆಸರು ಬಿಡಲೊಪ್ಪದ ಹಾಡುಗಾರ. ಮ್ಯಾನೇಜರ್ ಎಂಥ ಸಜ್ಜನ ಅಂದರೆ, ದಿನಾ ಅವನನ್ನು ಹಿಡಿದು ಕೂರಿಸಿ ಅಜ್ಜಿಗೆ ಫೋನ್ ಮಾಡಿಸುವವನು. ಕೊನೆಯಲ್ಲಿ ಅಜ್ಜಿ ಸೂಪಿನ ಹಿಡಿಕೆಯ ಡಬ್ಬಿ, ನಮ್ಮ ತೂಕುಪಾತ್ರೆ, ಹಿಡಿದು ಸೀದಾ ಸ್ಟೇಜಿಗೇ ಬರುತ್ತಾಳೆ. ಮಗಳು ಫೋನ್ ತೆಗೆದು ಹುಡುಕತೊಡಗಿದಳು.

ಆಗ ಬ್ಯಾರಿ ಗೆಳೆಯ ಹುರಿಗಡಲೆ ಜಗಿಯುತ್ತ, "ಸಿಗ್ಲಿಕ್ಕಿಲ್ಲ ಮಗಳೇ, ಹಳೆ ಪಿಚ್ಚರ್. ನಾನೂ ನೋಡಿದ್ದೇನೆ. ಆ ಅಜ್ಜಿ ಸ್ಟೇಜಿಗೆ ಬರುವಲ್ಲಿ ನನಗೆ ಅಳು ತಡೀಲಿಕ್ಕಾಗ್ಲಿಲ್ಲ" ಅಂದ.

ಮಗಳು ನಮ್ಮಿಬ್ಬರನ್ನೂ ನೋಡಿದಳು. ಇಲ್ಲದ ಸಿನಿಮಾವನ್ನು ಹಾಗಾದರೆ ತಾನೇ ನಾಟಕ ಮಾಡುತ್ತೇನೆ ಎಂದು ಎದ್ದು ಹೋದಳು. ನಾಟಕ ಹುಟ್ಟಿದ್ದು ಹೀಗೆ. ನಾನಾದರೋ ಗೆಳೆಯನ ಕಣ್ಣೀರಿನ ಮಾತು ನಂಬಿ, ಮರುದಿನ ಶೋರೂಮಿನಲ್ಲಿ ಕೂತು ಆ ಸಿನಿಮಾವನ್ನು ಊಟ ಬಿಟ್ಟು ಹುಡುಕಿದೆ.

೨. ಗಲ್ಫಿನ ಹುಡುಗ

ಆ ಹೊತ್ತಿಗೆ ಅತ್ತೆ ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ಒಂದು ಶುಕ್ರವಾರ ಅವರೂ ನಮ್ಮ ಜೊತೆ ಸಿನಿಮಾಕ್ಕೆ ಕೂತರು. ತೆರೆಯ ಮೇಲೆ ಹಾಡುಗಾರನ ಅಮ್ಮ ಮೇಜಿಗೆ ಬಿಳಿ ಬಟ್ಟೆ ಹಾಸಿ, ಮೇಣದ ಬತ್ತಿ ಹಚ್ಚಿ, ಎರಡೂ ಕೈಯಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದಳು. ಅತ್ತೆ ತಕ್ಷಣ ಸೆರಗು ತಲೆಗೆ ಹೊದ್ದರು.

"ಇವರು ಯಾವ ವಾರ ಪ್ರಾರ್ಥನೆ ಮಾಡುವುದು?" ಎಂದು ಕೇಳಿದರು. ಶುಕ್ರವಾರ ಸಂಜೆ ಅಂದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಭಾನುವಾರ ಇಲ್ಲಿ ಕೆಲಸದ ದಿನ. ಹಾಗಾಗಿ ನಮ್ಮ ಕ್ರೈಸ್ತರು ಭಾನುವಾರದ ಪೂಜೆಗೆ ಶುಕ್ರವಾರವೇ ಇಗರ್ಜಿಗೆ ಹೋಗಿ ಬರುತ್ತಾರೆ. ಊರಿನಿಂದ ಬಂದ ದಿನ ಅತ್ತೆಗೆ ಇದನ್ನು ಅರ್ಥ ಮಾಡಿಸಲು ಹೆಂಡತಿಗೆ ಸಾಕುಬೇಕಾಗಿತ್ತು. ಈಗ ಅತ್ತೆ ತಾವೇ ತೀರ್ಮಾನಿಸಿದರು: ಶುಕ್ರವಾರ ಪ್ರಾರ್ಥನೆ ಮಾಡುತ್ತಾರೆ ಅಂದರೆ ಇವರು ಗಲ್ಫಿನಲ್ಲಿರುವ ನಮ್ಮವರೇ.

ನಾನು ತಿದ್ದಬಹುದಿತ್ತು. ತಿದ್ದುವ ಬದಲು, ಹೌದು ಮಾಂಯ್, ಮೂಲ ಬಜ್ಪೆ ಕಡೆ ಅಂದೆ.

ಹಾಡುಗಾರ ಕುಡಿತಕ್ಕೆ ಬಿದ್ದ ಕೂಡಲೇ ಅತ್ತೆ ಎದ್ದು ಕೋಣೆಗೆ ಹೋದರು. ಅಂದಿನಿಂದ ನಮ್ಮ ಮನೆಯ ತೇರ್ಸಿನಲ್ಲಿ, ಅಂದರೆ ಸಂಜೆಯ ಜಪಮಾಲೆಯಲ್ಲಿ, ಬಜ್ಪೆಯ ಆ ಬಡಪಾಯಿ ಹುಡುಗನ ಕುಡಿತ ಬಿಡಲಿ ಎಂದು ಒಂದು ಪ್ರಾರ್ಥನೆ ಸೇರಿತು. ಕಟ್ಟಡದ ಉಳಿದ ಹೆಂಗಸರೂ ಸೇರಿಕೊಂಡರು. ಅಷ್ಟು ದೊಡ್ಡ ಹಾಡುಗಾರ ಮರಿಯಮ್ಮನ ಹುಟ್ಟಿದ ದಿನದ ನಮ್ಮ ಮೊಂತಿ ಹಬ್ಬಕ್ಕೆ ಬಂದು ಒಂದು ಹಾಡು ಹಾಡಬಹುದಾ ಎಂದು ವಿಚಾರಿಸಲು ಸಂಘದ ಪ್ರೆಸಿಡೆಂಟರ ಹೆಂಡತಿ ಮನೆಗೇ ಬಂದಾಗ, ನನ್ನ ಹೆಂಡತಿ ಅಡುಗೆಮನೆಯಿಂದ ಹೊರಬಂದು ಎಲ್ಲರ ಮುಂದೆ ನನ್ನ ಬಣ್ಣ ಬಯಲು ಮಾಡಿದಳು. ಆ ಹುಡುಗ ಬಜ್ಪೆಯವನೂ ಅಲ್ಲ, ಕ್ರೈಸ್ತನೂ ಅಲ್ಲ, ಯಹೂದಿ.

ಎಲ್ಲರೂ ಅತ್ತೆಯ ಮುಖ ನೋಡಿದರು. ಅತ್ತೆ ಜಪಮಾಲೆಯನ್ನು ಡಬ್ಬಿಗೆ ಹಾಕುತ್ತ, "ಅದಕ್ಕೇನಾಯಿತು? ಯೇಸು ಸ್ವಾಮಿಯ ಅಮ್ಮ ಏನು ಬಜ್ಪೆಯವಳಾ?" ಅಂದರು.

ಅಜ್ಜಿಯ ಪಾತ್ರಕ್ಕೆ ಬೇರೆ ಯಾರನ್ನೂ ಹುಡುಕುವುದು ಬೇಡ ಎಂದು ಮಗಳು ಅಲ್ಲೇ ಹೇಳಿಬಿಟ್ಟಳು.

೩. ಪಥ್ಯದ ಅಜ್ಜಿ

ನಾಟಕ ಓದಿಸಿ ಕೇಳಲು ಸಮಿತಿ ಸೇರಿತು. ನಮ್ಮ ಪ್ರೆಸಿಡೆಂಟ್ ಒಳ್ಳೆಯ ಮನುಷ್ಯ. ಭಯ ಮಾತ್ರ ಸ್ವಲ್ಪ ಹೆಚ್ಚು, ಲಿಫ್ಟಿನಲ್ಲಿ ಒಬ್ಬರೇ ಇದ್ದರೂ ಮೆಲ್ಲಗೆ ಮಾತಾಡುವವರು. ಕಥೆ ಭಾರಿ ಲಾಯ್ಕ್ ಉಂಟು ಎಂದು ಹೊಗಳಿ, ಅಜ್ಜಿ ಇರಲಿ, ಬತ್ತಿ ಇರಲಿ, ಪ್ರಾರ್ಥನೆಯೂ ಇರಲಿ, ಆದರೆ ಯಹೂದಿ ಎಂಬ ಒಂದು ಶಬ್ದ ಬೇಡ ಅಂದರು. ನಾವು ಇನ್ನೊಬ್ಬರ ಊರಿನಲ್ಲಿ ಇರುವವರು, ಯಾರು ಏನು ತಿಳಿದುಕೊಳ್ಳುತ್ತಾರೋ.

ಅದೇ ಅಲ್ಲವಾ ಅಂಕಲ್ ಸಿನಿಮಾದವರು ಮಾಡುವುದು, ಎಂದು ಮಗಳು ಕೇಳಿದಳು. ಅಜ್ಜಿ ಮದುವೆಮನೆಯಲ್ಲಿ ಹಂದಿ ಮಾಂಸ ಬೇಡ ಎನ್ನುವ ಒಂದು ದೃಶ್ಯ ಇದೆ. ಯಹೂದಿ ಅಲ್ಲದಿದ್ದರೆ ಅವಳು ಯಾಕೆ ಬೇಡ ಅನ್ನಬೇಕು?

ಪ್ರೆಸಿಡೆಂಟ್ ಬಹಳ ಯೋಚಿಸಿ, "ವೆಜಿಟೇರಿಯನ್ ಅಂತ ಮಾಡುವ" ಅಂದರು.

"ಮುಂದಿನ ದೃಶ್ಯದಲ್ಲಿ ಅವಳು ಕೋಳಿ ಸೂಪು ಮಾಡ್ತಾಳೆ ಅಂಕಲ್."

"ಅದು ಡಾಕ್ಟರ್ ಹೇಳಿದ್ದು."

ಮಗಳು ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಆ ಶಬ್ದ ತೆಗೆದರೆ ನಾಟಕವನ್ನೇ ತೆಗೆಯುತ್ತೇನೆ ಎಂದು ಒಳಗಿನಿಂದ ಹೇಳಿದಳು. ಬಾಗಿಲ ಹೊರಗೆ ನಿಂತು ಸಮಾಧಾನ ಮಾಡಿದೆ. ಅಷ್ಟೆಲ್ಲ ತಲೆಕೆಡಿಸಿಕೊಳ್ಳಬೇಡ, ಹಾಡುಗಾರನ ಪಾತ್ರ ನನಗೆ ಕೊಡು, ಜನ ನನ್ನನ್ನು ನೋಡುವುದರಲ್ಲಿ ಶಬ್ದವನ್ನೆಲ್ಲ ಮರೆತುಬಿಡುತ್ತಾರೆ ಅಂದೆ. ಬಾಗಿಲು ತೆರೆಯಿತು. ಅವಳು ನನ್ನ ಹೊಟ್ಟೆಯನ್ನು ಒಮ್ಮೆ ನೋಡಿ, ಮ್ಯಾನೇಜರ್ ಪಾತ್ರ ಕೊಟ್ಟು, ಮತ್ತೆ ಬಾಗಿಲು ಹಾಕಿದಳು.

೪. ಬಾಬಾನ ಅಪ್ಪಣೆ

ವಾರ್ಷಿಕೋತ್ಸವದ ಮುಖ್ಯ ಅತಿಥಿ ನಮ್ಮ ಕಫೀಲ್, ಶೋರೂಮಿನ ಮಾಲೀಕ. ವಯಸ್ಸಾದ ಕುವೈತಿ. ಅಪ್ಪನ ಕಾಲದಲ್ಲಿ ಮುತ್ತಿನ ವ್ಯಾಪಾರಕ್ಕೆ ಬೊಂಬಾಯಿಗೆ ಓಡಾಡಿದ ಮನೆತನ, ಹಿಂದಿ ನಮಗಿಂತ ಚೆನ್ನಾಗಿ ಮಾತಾಡುತ್ತಾರೆ. ನಾವೆಲ್ಲ ಬಾಬಾ ಅನ್ನುತ್ತೇವೆ. ಪ್ರೆಸಿಡೆಂಟರ ಭಯವೆಲ್ಲ ಇವರದೇ. ಹಾಗಾಗಿ ಕೇಳಿಕೊಂಡು ಬರುತ್ತೇನೆ ಎಂದು ನಾನು ಎದೆ ತಟ್ಟಿದೆ.

ಎದೆ ತಟ್ಟಿದವನಿಗೆ ಬಾಬಾನ ಎದುರು ಬಾಯಿ ಬರಲಿಲ್ಲ. ಅವರು ಮಾರಾಟಕ್ಕಿಟ್ಟ ಬಾತ್‌ಟಬ್ಬಿನ ಅಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಹೊಸ ನಲ್ಲಿಗಳ ವಿಷಯದಿಂದ ಸುರು ಮಾಡಿ, ನಾಟಕಕ್ಕೆ ಬಂದು, ಅದರಲ್ಲಿ ಒಬ್ಬ ಹಾಡುಗಾರ, ಅವನ ಮನೆಯವರು ಶುಕ್ರವಾರ ಸಂಜೆ ಬತ್ತಿ ಹಚ್ಚುವವರು, ಹಂದಿ ತಿನ್ನದವರು, ಆದರೆ ನಿಮ್ಮವರಲ್ಲ ಬಾಬಾ, ನಮ್ಮವರೂ ಅಲ್ಲ ಎಂದು ಸುತ್ತಿ ಬಳಸಿದೆ.

ಯಹೂದಿ ಅನ್ನಲಿಕ್ಕೆ ಇಷ್ಟು ದೂರ ಯಾಕೆ ಹೋಗುತ್ತೀಯ, ಎಂದು ಅವರು ನಕ್ಕರು. ಹಿಂದೆ ಈ ಊರಿನಲ್ಲೇ ಯಹೂದಿ ಹಾಡುಗಾರರು ಇದ್ದರು, ಅವರು ಕಟ್ಟಿದ ಹಾಡುಗಳನ್ನು ತನ್ನ ತಾಯಿ ರೊಟ್ಟಿ ತಟ್ಟುವಾಗ ಗುನುಗುತ್ತಿದ್ದಳು ಎಂದರು. ಟಬ್ಬಿನ ಅಂಚನ್ನೇ ತಟ್ಟಿ ಒಂದು ಸಾಲು ಹಾಡಿಯೂ ಬಿಟ್ಟರು. ಆ ಶಬ್ದ ತೆಗೆದರೆ ತಾನು ಬರುವುದಿಲ್ಲ ಎಂದು ನಿಮ್ಮ ಪ್ರೆಸಿಡೆಂಟಿಗೆ ಹೇಳು ಅಂದರು. ನನ್ನ ಎದೆ ಮತ್ತೆ ಉಬ್ಬಿತು. ಆಮೇಲೆ ಮ್ಯಾನೇಜರ್ ಎಂಥವನು ಎಂದು ಕೇಳಿದರು.

"ಬಹಳ ಪ್ರಾಮಾಣಿಕ, ಬಾಬಾ. ಒಂದು ಸುಳ್ಳೂ ಹೇಳುವುದಿಲ್ಲ."

"ಒಳ್ಳೆಯದು. ಯಾರು ಮಾಡುವುದು?"

"ನಾನೇ."

ಬಾಬಾ ಚಹಾದ ಲೋಟ ಕೆಳಗಿಟ್ಟರು. "ಯಹೂದಿಯನ್ನು ಜನ ನಂಬುತ್ತಾರೆ. ನಿನ್ನನ್ನು ಪ್ರಾಮಾಣಿಕ ಅಂತ ಯಾರು ನಂಬುತ್ತಾರೆ?"

೫. ಗಟ್ಟಿ ಗಮ್ಮು

ಬಾಬಾನ ಮಾತಿಗೆ ಪ್ರೆಸಿಡೆಂಟ್ ಒಪ್ಪಿದರು. ಶಬ್ದ ಉಳಿಯಿತು. ಆದರೆ ಒಂದು ಷರತ್ತು: ಯಾರನ್ನೂ ಗೇಲಿ ಮಾಡುವ ವೇಷ ಬೇಡ, ಮಾಡಿದರೆ ನಡುವಿನಲ್ಲೇ ಪರದೆ ಎಳೆಯುತ್ತೇನೆ. ಹೇಳುವಾಗ ಅವರು ನೋಡಿದ್ದು ನನ್ನನ್ನು. ಇದು ಅನ್ಯಾಯ ಎಂದು ಬರೆಯಬೇಕೆಂದಿದ್ದೆ, ಆದರೆ ಆಗಲೇ ನಾನು ಮಗಳು ಕೆಲಸಕ್ಕಿರುವ ಮಾಲಿನ ಪಾರ್ಟಿ ಸಾಮಾನಿನ ಅಂಗಡಿಯಲ್ಲಿ ಒಂದು ರಬ್ಬರ್ ಮೂಗು ಖರೀದಿಸಿ, ಅದನ್ನು ಹಾಕಿಕೊಂಡ ಫೋಟೋವನ್ನು ಸಂಘದ ವಾಟ್ಸಾಪ್ ಗುಂಪಿಗೆ ಕಳಿಸಿಯೂ ಆಗಿತ್ತು. ಸುಮ್ಮನೆ, ತಮಾಷೆಗೆ.

ಮಗಳು ಬೈಯಲಿಲ್ಲ. "ಪಪ್ಪಾ, ನೀವು ಇದನ್ನು ಹಾಕಿಕೊಂಡು ಬಂದರೆ ನನ್ನ ನಾಟಕವೂ ಅವರ ಸಿನಿಮಾ ಆಗ್ತದೆ" ಅಂದಳು. ಬೈದಿದ್ದರೆ ಇನ್ನೊಂದು ಮೂಗು ತರುತ್ತಿದ್ದೆ. ಹೀಗೆ ಹೇಳಿದ ಮೇಲೆ ಏನು ಮಾಡುವುದು? ಮೂಗು ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಬ್ಯಾಗಿಗೆ ಹಾಕಿಕೊಂಡಳು.

ನಾಟಕದ ದಿನ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಬಾಬಾ. ಮೊದಲ ದೃಶ್ಯದಲ್ಲಿ ಅತ್ತೆ ಬತ್ತಿ ಹಚ್ಚಿ, ಕಣ್ಣು ಮುಚ್ಚಿ ಕೂತರು. ನಟನೆ ಎಂಬುದು ಅವರಿಗೆ ತಿಳಿಯದು, ನಿಜವಾಗಿಯೇ ಪ್ರಾರ್ಥನೆ ಮಾಡಿದರು. ಮದುವೆಮನೆ, ಕೋಳಿ ಸೂಪು ಮುಗಿದ ಮೇಲಿನ ದೃಶ್ಯಕ್ಕೆ ನಾನು ಹೋದೆ. ಸಾದಾ ಅಂಗಿ, ಸಾದಾ ಪ್ಯಾಂಟು, ಕನ್ನಡಕ ಕೂಡ ಇಲ್ಲ. ಜೀವನದಲ್ಲಿ ಮೊದಲ ಬಾರಿ ಹೇಳಿದ ಮಾತು ಕೇಳಿದ್ದೆ. ಹಾಡುಗಾರನಿಗೆ ಅಜ್ಜಿಗೆ ಫೋನ್ ಮಾಡು ಎಂದು ಬುದ್ಧಿ ಹೇಳಿ ಪಕ್ಕಕ್ಕೆ ತಿರುಗಿದೆ. ದೀಪ ಎದುರಿನಿಂದ ಬಿತ್ತು. ಹಿಂದಿನ ಬಿಳಿ ಪರದೆಯ ಮೇಲೆ ನನ್ನ ನೆರಳು, ನೆರಳಿನಲ್ಲಿ ಮೂಗು.

ಹಾಲಿಗೆ ಹಾಲೇ ನಕ್ಕಿತು.

ಒಳಗೆ ಬಂದರೆ ಪ್ರೆಸಿಡೆಂಟ್ ಪರದೆಯ ಹಗ್ಗ ಹಿಡಿದು ನಿಂತಿದ್ದರು. ಪರದೆ ಬಿದ್ದಿತ್ತು. "ತೆಗಿ ಅದನ್ನು" ಅಂದರು. ಯಾವುದನ್ನು ಎಂದು ಕೇಳುವಷ್ಟರಲ್ಲಿ ನನ್ನ ಮೂಗು ಹಿಡಿದು ಎಳೆದರು. ಕಣ್ಣಲ್ಲಿ ನೀರು ಬಂತು. ಮೂಗು ಕಳಚಿ ಬರಲಿಲ್ಲವೆಂದು ಇನ್ನೊಮ್ಮೆ ಎಳೆದರು.

"ಎಂಥ ಗಮ್ಮು ಹಾಕಿದ್ದೀ ಮಾರಾಯ?"

ಇದು ನನ್ನದೇ ಅಂದೆ. ನಂಬಲಿಲ್ಲ. ಅಜ್ಜಿಯ ಕೊನೆಯ ದೃಶ್ಯ ಬಾಕಿ ಇತ್ತು. ಮಗಳು ಓಡಿ ಬಂದಳು. ಬ್ಯಾಗಿನಿಂದ ರಬ್ಬರ್ ಮೂಗು ತೆಗೆದು, ನೋಡಿ ಅಂಕಲ್, ಅದು ಇಲ್ಲಿದೆ, ಅವರದ್ದು ನಿಜವಾದದ್ದು ಎಂದು ತೋರಿಸಿದಳು. ಪ್ರೆಸಿಡೆಂಟ್ ಅದನ್ನು ನೋಡಿ, ನನ್ನನ್ನು ನೋಡಿ, "ಹಾಗಾದರೆ ಎರಡು ತಂದಿದ್ದಾನೆ" ಅಂದರು. ಇಷ್ಟು ವರ್ಷ ಊರಿಗೆಲ್ಲ ಟೋಪಿ ಹಾಕಿದ್ದಕ್ಕೆ, ಸ್ವಂತ ಮೂಗಿಗೂ ಸಾಕ್ಷಿ ಬೇಕಾಯಿತು.

ಸಾಕ್ಷಿ ಹೇಳಲು ಅತ್ತೆ ಎದ್ದು ಬಂದರು. ಎದೆಗೆ ಸಿಕ್ಕಿಸಿದ ಮೈಕು ಆರಿಲ್ಲವೆಂದು ಅವರಿಗೂ ತಿಳಿದಿಲ್ಲ, ನಮಗೂ ತಿಳಿದಿಲ್ಲ.

"ಅವನನ್ನು ಬಿಡಿ. ಅದು ಅವನದ್ದೇ" ಅಂದರು ಅತ್ತೆ. ಹಾಲಿನ ಎಲ್ಲ ಸ್ಪೀಕರುಗಳಲ್ಲೂ ಅವರ ದನಿ ಮೊಳಗಿತು. "ಹೆಣ್ಣು ನೋಡಲು ಬಂದ ದಿನ ಬಾಗಿಲಿಗೆ ಮೊದಲು ಬಂದದ್ದು ಆ ಮೂಗು, ಆಮೇಲೆ ಅವನು. ನಾನು ಬೇಡವೇ ಬೇಡ ಅಂದಿದ್ದೆ. ನನ್ನ ಮಗಳೇ ಹಟ ಹಿಡಿದದ್ದು."

ಹೊರಗೆ ಎದ್ದ ಚಪ್ಪಾಳೆಗೆ ಪ್ರೆಸಿಡೆಂಟ್ ಹಗ್ಗ ಬಿಟ್ಟರು. ಪರದೆ ತಾನಾಗಿ ತೆರೆಯಿತು. ಅತ್ತೆ ಅಲ್ಲೇ ಇದ್ದ ಸೂಪಿನ ತೂಕುಪಾತ್ರೆ ಹಿಡಿದು ಸೀದಾ ಮೊಮ್ಮಗ ಹಾಡುಗಾರನ ಹತ್ತಿರ ನಡೆದರು. ಮೂರನೆಯ ಸಾಲಿನಲ್ಲಿ ನನ್ನ ಬ್ಯಾರಿ ಗೆಳೆಯ ಕರವಸ್ತ್ರ ತೆಗೆದು ಅಳುತ್ತಿದ್ದ. ಸಿನಿಮಾದಲ್ಲಿ ನೋಡಿದ್ದಕ್ಕಿಂತ ಇದೇ ಚೆನ್ನಾಗಿತ್ತು ಎಂದು ಆಮೇಲೆ ಎಲ್ಲರಿಗೂ ಹೇಳಿದ.

ಬಾಬಾ ಸ್ಟೇಜಿಗೆ ಬಂದು ಮಗಳ ತಲೆ ಸವರಿದರು. ಸಮಿತಿ ಅಲ್ಲೇ ನಿಂತು, ಮುಂದಿನ ವರ್ಷವೂ ಅರ್ಧ ಗಂಟೆ ಹರೆಯದವರಿಗೆ ಎಂದು ಒಪ್ಪಿತು. ಮಗಳು ಏನು ಬೇಕಾದರೂ ಬರೆಯಬಹುದು, ಯಾವ ಶಬ್ದವನ್ನೂ ತೆಗೆಯುವುದಿಲ್ಲ. ಪ್ರೆಸಿಡೆಂಟ್ ನನ್ನ ಕಡೆ ಮಾತ್ರ ನೋಡದೆ, ಮೆಲ್ಲಗೆ ಒಂದೇ ಒಂದು ಕೋರಿಕೆ ಇಟ್ಟರು:

"ಮ್ಯಾನೇಜರಿಗೆ ಮುಂದಿನ ಸಲ ಸ್ವಲ್ಪ ಸಹಜವಾಗಿ ಕಾಣುವ ಮೂಗಿನವರನ್ನು ಹುಡುಕಮ್ಮ."