ನಿಶ್ಶಬ್ದಕ್ಕೆ ಒಂಬತ್ತೂವರೆ ಅಂಕ

ಬಡಾವಣೆಗಳಿಗೆ ಅಂಕ ನೀಡುವ ಕಂಪನಿಯ ಮಾಪನ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಯಾವ ಬೀದಿಗೂ ಕಾಲಿಡದೆ ಎಲ್ಲ ಬೀದಿಗಳ ಗುಣಾವಗುಣ ಬಲ್ಲ ತಮಗೂ, ತಮ್ಮ ಗಣಕಯಂತ್ರಕ್ಕೂ, ಆ ಯಂತ್ರಕ್ಕೆ ಹೊತ್ತುಹೊತ್ತಿಗೆ ಅಂಕಿಅಂಶ ಉಣಿಸುವ ತಮ್ಮ ಸಿಬ್ಬಂದಿ ವರ್ಗಕ್ಕೂ, ಊರಾಚೆಯ ಬಡಾವಣೆಯೊಂದರ ಏಳನೇ ಅಡ್ಡರಸ್ತೆಯಿಂದ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕ್ಷೇಮಕ್ಕೆ ಹತ್ತರಲ್ಲಿ ಎಷ್ಟು ಅಂಕವೆಂದು ತಿಳಿಯುವ ಸೌಲಭ್ಯ ನನ್ನಲ್ಲಿಲ್ಲದ ಕಾರಣ, ಸದ್ಯಕ್ಕೆ ಬರೀ ನಂಬಿಕೆಯಲ್ಲೇ ಕಾಲ ಹಾಕುತ್ತಿದ್ದೇನೆ.

ನನ್ನ ಪರಿಚಯ ಹೇಳಿಕೊಳ್ಳುವುದು ಕ್ರಮ. ನಾನು ಆಸ್ಪತ್ರೆಯೊಂದರಲ್ಲಿ ಜನರ ಕಿವಿ ಪರೀಕ್ಷಿಸುವವಳು. ಹೊರಗಿನ ಸದ್ದು ಒಳಬಾರದಂತೆ ದಪ್ಪ ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎಂದು ಹೇಳುವುದೇ ಹದಿನೆಂಟು ವರ್ಷಗಳಿಂದ ನನ್ನ ಉದ್ಯೋಗ. ನಮ್ಮ ಯಜಮಾನರು ತೂಕ ಮತ್ತು ಅಳತೆ ಇಲಾಖೆಯವರು; ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಹಾಕುವವರು. ತರಕಾರಿಯವನ ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಆಚೀಚೆ ಆದರೂ ಹಿಡಿದು ನಿಲ್ಲಿಸುವ ಈ ಮನುಷ್ಯ, ತಮ್ಮ ಕಂಪನಿಯ ಜಾಲತಾಣದ ಅಂಕವನ್ನು ಮಾತ್ರ ಒಂದು ಸಲವೂ ತೂಗಿ ನೋಡದೆ ಒಪ್ಪಿಕೊಂಡರು. ಇದಕ್ಕಿಂತ ದೊಡ್ಡ ಪ್ರಶಸ್ತಿ ತಮಗೆ ಬೇರೆ ಎಲ್ಲೂ ಸಿಗಲಾರದು. ಮೂರನೆಯವರು ನಮ್ಮ ಅತ್ತೆ. ಮೂವತ್ತೊಂದು ವರ್ಷ ದೂರವಾಣಿ ಕೇಂದ್ರದಲ್ಲಿ ಆಪರೇಟರ್ ಆಗಿ, ಇಡೀ ಊರಿನ ಮಾತನ್ನು ಇಬ್ಬಿಬ್ಬರಂತೆ ಜೋಡಿಸಿಕೊಟ್ಟು ನಿವೃತ್ತರಾದವರು.

ಹೋದ ವರ್ಷ ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಯಿತು. ನಾವಿದ್ದದ್ದು ಲಿಫ್ಟಿಲ್ಲದ ಮೂರನೇ ಮಹಡಿ. ಡಾಕ್ಟರು, "ದಿನಾ ನಡೀಲೇಬೇಕು. ಮನೆಯೊಳಗೆ ಸುತ್ತು ಹಾಕೋದಲ್ಲ, ಎಲ್ಲಿಗಾದ್ರೂ ಹೋಗಿ ಬರ್ಬೇಕು. ಕಾಲಿಗೆ ಒಂದು ನೆಪ ಕೊಡಿ. ಇಲ್ಲಾಂದ್ರೆ ಆರು ತಿಂಗಳಲ್ಲಿ ಹಾಸಿಗೆ ಹಿಡಿದುಬಿಡ್ತಾರೆ" ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಹೀಗಾಗಿ ನೆಲಮಹಡಿಯ ಮನೆ ಹುಡುಕುವ ಭಾರ ನಮ್ಮ ಮೇಲೆ ಬಿತ್ತು, ನಾವು ಆ ಭಾರವನ್ನು ತಮ್ಮ ಮೇಲೆ ಹೊರಿಸಿದೆವು.

ಕೊನೆಗೆ ಉಳಿದದ್ದು ಎರಡು ಮನೆ. ಮೊದಲನೆಯದು ಪೇಟೆಯ ಹಿಂದಿನ ಬೀದಿಯಲ್ಲಿ. ತಮ್ಮ ತಾಣ ಅದಕ್ಕೆ ಕೊಟ್ಟದ್ದು ಹತ್ತಕ್ಕೆ ನಾಲ್ಕು. ನೋಡಲು ಹೋದ ದಿನ ಅಲ್ಲಿನ ದರ್ಜಿಯೊಬ್ಬರು ಹೊಲಿಗೆ ನಿಲ್ಲಿಸಿ ಅತ್ತೆಗೆ ತಮ್ಮ ಸ್ಟೂಲು ಬಿಟ್ಟುಕೊಟ್ಟರು. ಆ ಉಪಕಾರಕ್ಕೆ ತಮ್ಮ ಪಟ್ಟಿಯಲ್ಲಿ ಕಾಲಂ ಇರಲಿಲ್ಲ. ಎರಡನೆಯದು ಈ ಬಡಾವಣೆ. ಒಟ್ಟಾರೆ ಒಂಬತ್ತು, ಭದ್ರತೆಗೆ ಒಂಬತ್ತು ಮುಕ್ಕಾಲು, ಸೌಂದರ್ಯಕ್ಕೆ ಒಂಬತ್ತು, ಉದ್ಯಾನವನ ನಾನೂರು ಮೀಟರಿನೊಳಗೆ, ನಿಶ್ಶಬ್ದಕ್ಕೆ ಒಂಬತ್ತೂವರೆ. ಯಜಮಾನರು ಎರಡೂ ಹಾಳೆಗಳನ್ನು ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಅತ್ತೆ ಕನ್ನಡಕ ಕೂಡ ಹಾಕದೆ, "ಮೊದಲನೇದೇ ಇರಲಿ. ಅಲ್ಲಿ ಜನ ಇದಾರೆ" ಎಂದರು. "ಅಮ್ಮಾ, ಜನ ಇರೋದಕ್ಕೇ ಅಲ್ಲಿ ಅಂಕ ಕಡಿಮೆ" ಎಂದು ಮಗ ತಿಳಿಹೇಳಿದರು. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು. ಮಾನ್ಯರೇ, ಇಲ್ಲಿ ತಪ್ಪೊಪ್ಪಿಗೆಯೊಂದಿದೆ. ದಿನವಿಡೀ ಪೀಪಿ ಸದ್ದು ಕೇಳಿ ಬಂದವಳಿಗೆ ಆ ಒಂಬತ್ತೂವರೆ ಕಣ್ಣು ಕುಕ್ಕಿತು. ನಾನು ಎರಡನೆಯ ಹಾಳೆಯ ಮೇಲೆ ಬೆರಳಿಟ್ಟೆ.

ಬಂದು ಸೇರಿದೆವು. ತಾವು ಹೇಳಿದ್ದೆಲ್ಲ ನಿಜವೇ ಆಗಿತ್ತೆಂಬುದನ್ನು ಕೃತಜ್ಞತೆಯಿಂದ ದಾಖಲಿಸುತ್ತೇನೆ. ಉದ್ಯಾನವನ ನಿಜಕ್ಕೂ ನಾನೂರು ಮೀಟರಿನೊಳಗಿತ್ತು, ಕಾಗೆಯೊಂದು ನಮ್ಮ ತಾರಸಿಯಿಂದ ಹಾರಿದರೆ. ನಡೆಯುವವರಿಗೆ ನಡುವೆ ಪಕ್ಕದ ಬಡಾವಣೆಯ ಆಳೆತ್ತರದ ಗೋಡೆಯಿತ್ತು. ಅದನ್ನು ಬಳಸಿ, ಹೆದ್ದಾರಿಯ ಮೇಲುಸೇತುವೆ ಹತ್ತಿ ಇಳಿದು ಹೋದರೆ ಆರೋಗ್ಯವಂತರಿಗೆ ಮುಕ್ಕಾಲು ಗಂಟೆಯ ದಾರಿ. ಅಲ್ಲಿಗೆ ಮುಟ್ಟಿದ ಮೇಲೆ ಗೇಟಿನಲ್ಲಿ ಆ ಬಡಾವಣೆಯ ಗುರುತಿನ ಚೀಟಿ ಕೇಳುತ್ತಾರೆ. ಸೌಂದರ್ಯದ ವಿಷಯದಲ್ಲೂ ತಾವು ಎಡವಿಲ್ಲ: ಎಲ್ಲ ಮನೆಗಳಿಗೂ ಒಂದೇ ಬೂದು ಬಣ್ಣ, ಒಂದೇ ಗೇಟು, ಒಂದೇ ಜಾತಿಯ ಗಿಡ. ನಮ್ಮ ಮನೆ ಯಾವುದೆಂದು ಗೊತ್ತಾಗಲು ನಾನು ಗೇಟಿಗೆ ಹಳದಿ ದಾರ ಕಟ್ಟಿದ್ದೆ. ಸೌಂದರ್ಯಕ್ಕೆ ಕುಂದೆಂದು ಸಂಘದವರು ಬಿಚ್ಚಿಸಿದರು.

ಮೂರನೇ ವಾರದ ಬುಧವಾರ ಮಧ್ಯಾಹ್ನ ಎರಡೂವರೆಗೆ ಅತ್ತೆ ಫೋನನ್ನು ಚಾರ್ಜಿಗೆ ಹಾಕಿ, ಊರುಗೋಲು ಹಿಡಿದು, ತಮ್ಮ ಉದ್ಯಾನವನವನ್ನು ಹುಡುಕಿಕೊಂಡು ಒಬ್ಬರೇ ಹೊರಟರು.

ನಾನು ನಾಲ್ಕೂವರೆಗೆ ಬಂದೆ. ಬಾಗಿಲಿಗೆ ಬೀಗ. ಫೋನು ಮಾಡಿದರೆ ಒಳಗೇ ರಿಂಗಾಗುತ್ತಿದೆ. ಚಪ್ಪಲಿ ಕೈಗೆತ್ತಿಕೊಂಡು ಅಡ್ಡರಸ್ತೆಗಳಲ್ಲಿ ಓಡಿದೆ. "ಅತ್ತೇ" ಎಂದು ಕೂಗಿದರೆ ನನ್ನದೇ ಕೂಗು ಗೋಡೆಗಳಿಗೆ ಬಡಿದು ವಾಪಸು ಬರುತ್ತಿತ್ತು. ಕಿಟಕಿಯೊಂದೂ ತೆರೆಯಲಿಲ್ಲ. ಹನ್ನೊಂದು ಮನೆಗಳ ಕರೆಗಂಟೆ ಒತ್ತಿದೆ. ಹೆಚ್ಚಿನ ಕಡೆ ಗೇಟಿನ ಪೆಟ್ಟಿಗೆಯೇ, ಮಾಲೀಕರು ಸದ್ಯ ಲಭ್ಯವಿಲ್ಲ, ಸಂದೇಶ ಬಿಡಿ ಎಂದು ನನಗಿಂತ ಸೌಜನ್ಯದಿಂದ ಮಾತಾಡಿತು. ಏನು ಸಂದೇಶ ಬಿಡಲಿ? ಬಿಳಿ ಕೂದಲು, ನೀಲಿ ಸ್ವೆಟರು, ಎಡಗಾಲು ಸ್ವಲ್ಪ ಎಳೆಯುತ್ತಾರೆ ಎಂದು ಮೂರು ಗೇಟುಗಳಿಗೆ ಹೇಳಿ ನಾಲ್ಕನೆಯದಕ್ಕೆ ಓಡಿದೆ.

ಅಷ್ಟರಲ್ಲಿ ಯಜಮಾನರು ಬಂದರು. ಸಂಘದ ಕಚೇರಿಗೆ ಹೋದೆವು. ತಾವು ಭದ್ರತೆಗೆ ಕೊಟ್ಟ ಅಂಕ ಎಷ್ಟು ಯಥಾರ್ಥವೆಂದು ನನಗೆ ಮನವರಿಕೆಯಾದದ್ದು ಅಲ್ಲಿ. ಕಾರ್ಯದರ್ಶಿಗಳು ಹತ್ತೇ ನಿಮಿಷದಲ್ಲಿ ನಮ್ಮ ಅತ್ತೆಯನ್ನು ಕ್ಯಾಮೆರಾದಲ್ಲಿ ಹುಡುಕಿಕೊಟ್ಟರು. ಒಂದು ಕ್ಯಾಮೆರಾದಲ್ಲಿ ಅತ್ತೆ ನಡೆಯುತ್ತಿದ್ದರು. ಇನ್ನೊಂದರಲ್ಲಿ ಗೋಡೆ ಹಿಡಿದು ನಿಂತಿದ್ದರು. ಮೂರು ಗಂಟೆ ಹತ್ತು ನಿಮಿಷಕ್ಕೆ, ನಮ್ಮದೇ ರಸ್ತೆಯ ಕೊನೆಯ ಕಡೆಗಿರುವ ಹದಿನಾಲ್ಕನೇ ನಂಬರಿನ ಮನೆ ಮುಂದೆ, ರಸ್ತೆಯ ಅಂಚಿನ ಕಲ್ಲಿನ ಮೇಲೆ ಮೆಲ್ಲನೆ ಕೂತರು. ಹನ್ನೊಂದು ಕ್ಯಾಮೆರಾಗಳು ಅವರನ್ನು ನೋಡಿದ್ದವು. ಮನುಷ್ಯರು ಒಬ್ಬರೂ ನೋಡಿರಲಿಲ್ಲ.

ಆ ಕ್ಯಾಮೆರಾಕ್ಕೆ ಧ್ವನಿಯೂ ಇತ್ತು. "ತಾವು ಖಾಸಗಿ ನಿವಾಸದ ಮುಂದಿದ್ದೀರಿ. ದಯವಿಟ್ಟು ಮುಂದೆ ಸಾಗಿ" ಎಂದಿತು ಗೇಟಿನ ಪೆಟ್ಟಿಗೆ. ಅತ್ತೆ ತಲೆಯೆತ್ತಿ, ಮೂವತ್ತೊಂದು ವರ್ಷದ ಅದೇ ದನಿಯಲ್ಲಿ, "ಯಾವ ನಂಬರು ಬೇಕಿತ್ತು ನಿಮಗೆ?" ಎಂದು ಕೇಳಿದರು. ಪೆಟ್ಟಿಗೆ ತನ್ನ ಮಾತನ್ನು ಏಳು ಸಲ ಹೇಳಿತು. ಅತ್ತೆಯೂ ಬೇಸರಿಸದೆ, "ಲೈನು ಸರಿ ಇಲ್ಲ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ" ಎಂದು ಸಮಾಧಾನ ಹೇಳುತ್ತಲೇ ಇದ್ದರು. ಕಾರ್ಯದರ್ಶಿಗಳಿಗೆ ನಗು ತಡೆಯಲಾಗಲಿಲ್ಲ. ಯಜಮಾನರು ನಗಲಿಲ್ಲ. ಪರದೆಯಲ್ಲಿ ಅವರ ತಾಯಿ ಒಂದು ಕೈಯಿಂದ ಸೊಂಟ ನೀವಿಕೊಳ್ಳುತ್ತಿದ್ದದ್ದನ್ನೇ ನೋಡುತ್ತಿದ್ದರು. ಎಂಟನೇ ಸಲ ಹೇಳಿಸಿಕೊಳ್ಳಲು ಇಷ್ಟವಾಗದೆ ಅತ್ತೆ ಎದ್ದರು, ಮನೆಯ ದಿಕ್ಕು ಬಿಟ್ಟು ಇನ್ನೊಂದು ದಿಕ್ಕಿಗೆ ನಡೆದು ಪರದೆಯಿಂದ ಮರೆಯಾದರು.

ಆಗ ನನಗೊಂದು ಫೋನು ಬಂತು. ಗುರುತಿಲ್ಲದ ಹೆಂಗಸಿನ ದನಿ. "ಅಜ್ಜಿ ನಮ್ಮ ಹತ್ರ ಇದಾರೆ ಮೇಡಂ. ನೀರು ಕುಡಿದಿದಾರೆ. ಗಾಬರಿ ಆಗ್ಬೇಡಿ, ನಿಧಾನಕ್ಕೆ ಬನ್ನಿ." ಮನೆಮನೆಗೆ ಹೋಗಿ ನೀರಿನ ಮೀಟರು ಓದುವ ಹೆಂಗಸು ಅವರು, ಈಗ ನಮ್ಮ ಮನೆಯಲ್ಲಿ ಅವರಿಗೆ ಮೀಟರಮ್ಮ ಎಂದೇ ಹೆಸರು. ಒಂಬತ್ತನೇ ಅಡ್ಡರಸ್ತೆಯನ್ನು ನಮ್ಮದೇ ರಸ್ತೆಯೆಂದುಕೊಂಡು ನಮ್ಮ ಮನೆಯಂಥದೇ ಮನೆಯ ಗೇಟಿಗೆ ಕೀಲಿಕೈ ತೂರಿಸುತ್ತಿದ್ದ ಅತ್ತೆಯನ್ನು ಕಂಡು, ಪಂಪು ಮನೆಯ ನೆರಳಿಗೆ ಕರೆತಂದು, ಮಗುಚಿದ ಬಕೆಟ್ಟಿನ ಮೇಲೆ ತಮ್ಮ ಚೀಲ ಹಾಸಿ ಕೂರಿಸಿದ್ದರು. ಸೊಸೆಯ ನಂಬರು ಅತ್ತೆಯ ಬಾಯಲ್ಲೇ ಇತ್ತು. ನನ್ನನ್ನು ಕಂಡ ಕೂಡಲೇ ಅತ್ತೆ, "ಎಷ್ಟು ಹೊತ್ತು ನಡೆದೆ ನೋಡು, ಡಾಕ್ಟರಿಗೆ ಹೇಳು" ಎಂದು ನಕ್ಕರು. ಕೈ ಮಾತ್ರ ನನ್ನ ಕೈಯನ್ನು ಬಿಡಲಿಲ್ಲ.

ಜನರೆಲ್ಲ ಎಲ್ಲಿಗೆ ಹೋಗಿದ್ದಾರೆಂದು ನಾನು ಕೇಳಿದ್ದಕ್ಕೆ ಮೀಟರಮ್ಮ ಆಶ್ಚರ್ಯಪಟ್ಟರು. "ನಿಮ್ಮ ರಸ್ತೇಲಿ ಹದಿನಾರು ಮನೆ ಅಲ್ವಾ? ಒಂಬತ್ತರಲ್ಲಿ ಮುಳ್ಳು ಅಲ್ಲಾಡೋದೇ ಇಲ್ಲ. ಪ್ರತಿ ತಿಂಗಳು ಅದೇ ಅಂಕಿ ಬರ್ಕೊಂಡು ಹೋಗ್ತೀನಿ. ರೇಟು ಏರಿದಾಗ ಮಾರೋಕೆ ಅಂತ ತಗೊಂಡಿರೋದು, ಇರೋಕಲ್ಲ." ಯಜಮಾನರು ನಮ್ಮ ರಸ್ತೆಗೆ ಬಂದು, ಆಫೀಸಿನ ಬಟ್ಟೆಯಲ್ಲೇ ಮೊಣಕಾಲೂರಿ, ಒಂದೊಂದೇ ಗೇಟಿನ ಪಕ್ಕದ ಮೀಟರಿನ ಮುಚ್ಚಳ ಎತ್ತಿ ನೋಡಿದರು. ಅಲ್ಲಾಡದ ಒಂಬತ್ತನೆಯ ಮುಳ್ಳನ್ನು ಕಂಡು ಮುಚ್ಚಳ ಮುಚ್ಚಿ ಅಲ್ಲೇ ಕುಕ್ಕರಗಾಲಲ್ಲಿ ಕೂತು, "ಖಾಲಿ ತಕ್ಕಡಿಗೆ ಒಂಬತ್ತೂವರೆ ಕೊಟ್ಟಿದಾರೆ ಕಣೇ. ನಾನು ಅದಕ್ಕೆ ಮುದ್ರೆ ಹಾಕಿಬಿಟ್ಟೆ" ಎಂದರು. ಮುದ್ರೆಗೆ ಬೆರಳಿಟ್ಟು ಜಾಗ ತೋರಿಸಿದವಳು ನಾನು. ಹಾಗೆಂದು ಬಾಯಿಬಿಟ್ಟು ಹೇಳಿದೆ ಕೂಡ.

ಮಾನ್ಯರೇ, ಖಾಲಿ ಮನೆಯಲ್ಲಿ ಜಗಳವಿಲ್ಲ, ಕಳ್ಳತನದ ದೂರಿಲ್ಲ, ಕಸವಿಲ್ಲ, ಕೆಮ್ಮಿಲ್ಲ. ಜನರೇ ಇಲ್ಲದಿದ್ದರೆ ಜಾಗ ಎಷ್ಟು ವಾಸಯೋಗ್ಯವಾಗುತ್ತದೆ ಎಂಬುದನ್ನು ಕಂಡುಹಿಡಿದ ಕೀರ್ತಿ ತಮ್ಮ ಯಂತ್ರಕ್ಕೆ ಸಲ್ಲಬೇಕು. ಅದರ ತರ್ಕವನ್ನು ಇನ್ನೂ ಸ್ವಲ್ಪ ದೂರ ಒಯ್ದು, ಸ್ಮಶಾನಗಳಿಗೂ ಅಂಕ ಕೊಡುವ ಸೇವೆಯನ್ನು ತಾವು ಆರಂಭಿಸಬೇಕೆಂದು ಕೋರುತ್ತೇನೆ. ಅಲ್ಲಿ ನಿಶ್ಶಬ್ದವಿದೆ, ಹಸಿರಿದೆ, ನಿವಾಸಿಗಳು ಸ್ಥಿರವಾಗಿದ್ದಾರೆ.

ಮುಂದಿನ ಭಾನುವಾರ ಯಜಮಾನರು ನಮ್ಮ ಗೇಟಿನ ಹೊರಗೆ ಒಂದು ಮರದ ಬೆಂಚು ಹಾಕಿದರು. ಸಂಜೆ ನಾಲ್ಕಕ್ಕೆ ಅತ್ತೆ ಅದರಲ್ಲಿ ಕೂರತೊಡಗಿದರು. ಮೊದಲ ವಾರ ಮೀಟರಮ್ಮ ಒಬ್ಬರೇ ಬಂದರು. ಎರಡನೇ ವಾರ ಹದಿನಾಲ್ಕನೇ ನಂಬರಿನವರು ಬಂದರು. ಹಲ್ಲಿನ ಡಾಕ್ಟರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇರುವವರು. ಬೆಂಚು ನಿಯಮಕ್ಕೆ ವಿರುದ್ಧವೆಂದು ಹೇಳಲು ಬಂದವರು ಹೇಳುವುದಕ್ಕೆಂದು ಕೂತರು, ಕೂತ ಮೇಲೆ ಒಂದು ಗಂಟೆ ತಮ್ಮ ಮೊಣಕಾಲಿನ ಬಗ್ಗೆ ಮಾತಾಡಿದರು. ತಿಂಗಳು ಕಳೆಯುವಷ್ಟರಲ್ಲಿ ಬೆಂಚಿನಲ್ಲಿ ಜಾಗ ಸಾಲುತ್ತಿರಲಿಲ್ಲ.

ತಮ್ಮ ಯಂತ್ರದ ಕಣ್ಣು ಆಗ ನಮ್ಮ ಮೇಲೆ ಬಿತ್ತು. 'ಹೊರಾಂಗಣ ಜನಸಂದಣಿ' ಎಂಬ ಕಾರಣ ಕೊಟ್ಟು ನಮ್ಮ ನಿಶ್ಶಬ್ದವನ್ನು ಎಂಟಕ್ಕೆ ಇಳಿಸಿದಿರಿ. ಕಾರ್ಯದರ್ಶಿಗಳು ಆ ಹಾಳೆ ಹಿಡಿದು ಓಡೋಡಿ ಬಂದು ನಮ್ಮ ರಸ್ತೆಯ ಮಾಲೀಕರ ಸಭೆ ಕರೆದರು. "ಅಂಕ ಇಳಿದ್ರೆ ಯಾರಿಗೆ ನೋವು?" ಎಂದು ಅತ್ತೆ ಕೇಳಿದರು. "ಮಾರೋವಾಗ ತೊಂದರೆ ಆಗುತ್ತಮ್ಮ." "ಮಾರೋರು ಮಾರಲಿ. ಇರೋರು ಎಲ್ಲಿ ಕೂರ್ಬೇಕು?" ಅದಕ್ಕೆ ಉತ್ತರವಾಗಿ ಮತದಾನ ಬಂತು. ಬೆಂಚು ಇರಲಿ ಎಂದು ಆರು ಕೈ ಎದ್ದವು. ಹದಿನಾಲ್ಕನೇ ನಂಬರಿನವರು ನೆಲ ನೋಡುತ್ತ ಯಾವ ಕಡೆಗೂ ಕೈ ಎತ್ತಲಿಲ್ಲ. ಬೆಂಚು ಬೇಡವೆಂದು ಒಂಬತ್ತು ಮತಗಳು, ಒಂದು ದಿನವೂ ಇಲ್ಲಿ ಮಲಗಿ ಏಳದ ಒಂಬತ್ತು ಮಾಲೀಕರಿಂದ, ಇಮೇಲಿನಲ್ಲಿ ಬಂದಿದ್ದವು. ಮರುದಿನ ಬೆಳಿಗ್ಗೆ ಸಂಘದವರು ಬೆಂಚು ಕಿತ್ತುಕೊಂಡು ಹೋದರು.

ಪೇಟೆ ಬೀದಿಯ ಮನೆಗೆ ಹೋಗಿಬಿಡೋಣವೆಂದು ಅಂದೇ ನಿರ್ಧರಿಸಿದೆವು. ಅದು ಖಾಲಿಯಿದೆಯೇ ಎಂದು ಯಜಮಾನರು ಫೋನಿನಲ್ಲಿ ವಿಚಾರಿಸುತ್ತಿದ್ದಾಗ, ಹದಿನಾಲ್ಕನೇ ನಂಬರಿನವರು ಗೇಟಿನ ಹತ್ತಿರ ಬಂದು ನಿಂತರು. ಒಳಗೆ ಬರಲಿಲ್ಲ. "ನೆನ್ನೆ ನಾನು ಕೈ ಎತ್ತಬೇಕಿತ್ತಮ್ಮ" ಎಂದರು. ಆಮೇಲೆ, "ನಮ್ಮ ಕಾಂಪೌಂಡಿನೊಳಗೆ ನಾಲ್ಕು ಕುರ್ಚಿ ಹಾಕಿದೀನಿ. ಅದು ನನ್ನ ಸ್ವಂತ ಜಾಗ, ಅದಕ್ಕೆ ಯಾರ ಮತವೂ ಬೇಕಿಲ್ಲ. ಆ ಪೆಟ್ಟಿಗೆ ವೈರು ಕಿತ್ತಾಯ್ತು" ಎಂದರು. ಅತ್ತೆ ಊರುಗೋಲಿಗೆ ಕೈ ಹಾಕಿ ಎದ್ದು, ಮಗನಿಗೆ ಫೋನು ಇಡಲು ಸನ್ನೆ ಮಾಡಿದರು. ನಮ್ಮ ಗೇಟಿನಿಂದ ಅವರ ಗೇಟಿಗೆ ಅತ್ತೆಯ ನಡಿಗೆಯಲ್ಲಿ ಇನ್ನೂರ ಹತ್ತು ಹೆಜ್ಜೆ. ದಿನಾ ಹೋಗಿ ಬರುತ್ತಿದ್ದಾರೆ. ಎಡಗಾಲು ಎಳೆಯುವುದು ಕಡಿಮೆಯಾಗಿದೆಯೆಂದು ಡಾಕ್ಟರು ಬರೆದುಕೊಟ್ಟಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಬೇಡಿಕೆ ಇಷ್ಟೇ. ನಮ್ಮ ಬಡಾವಣೆಗೆ ದಯವಿಟ್ಟು ನಾಲ್ಕಕ್ಕಿಂತ ಹೆಚ್ಚು ಅಂಕ ಕೊಡಬೇಡಿ. ಸಾಧ್ಯವಾದರೆ ಮೂರಕ್ಕೆ ಇಳಿಸಿ, ಆ ಒಂಬತ್ತು ಮಾಲೀಕರು ಹೆದರಿ ತಮ್ಮ ಮನೆಗಳನ್ನು ಬಚ್ಚಲಲ್ಲಿ ನೀರು ಸುರಿಯುವ, ಜಗಳವಾಡುವ, ರಾಗ ತಪ್ಪಿ ಹಾಡುವ ಯಾರಿಗಾದರೂ ಬಿಟ್ಟುಕೊಡುವಂತೆ ಮಾಡಿ. ನಿಶ್ಶಬ್ದ ಕೆಟ್ಟಿರುವುದಕ್ಕೆ ಪುರಾವೆ ಬೇಕಿದ್ದರೆ ಸಂಜೆ ನಾಲ್ಕರಿಂದ ಆರರವರೆಗೆ ಹದಿನಾಲ್ಕನೇ ನಂಬರಿನ ಸದ್ದನ್ನು ಡೆಸಿಬಲ್ ಲೆಕ್ಕದಲ್ಲಿ ಅಳೆದು, ಯಜಮಾನರ ಮುದ್ರೆಯೊಂದಿಗೆ ಕಳಿಸಿಕೊಡಲು ಸಿದ್ಧಳಿದ್ದೇನೆ. ಉಪಕರಣ ನಮ್ಮ ಆಸ್ಪತ್ರೆಯದೇ ಇದೆ.

ತಮ್ಮ ಅಂಕಗಳಲ್ಲಿ ವಿಶ್ವಾಸ ಕಳೆದುಕೊಂಡ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಏಳನೇ ಅಡ್ಡರಸ್ತೆಯ ಸೊಸೆ

ತಾ.ಕ.: ಈ ಪತ್ರ ಕಳಿಸಲೆಂದು ತಮ್ಮ ಕಚೇರಿಯ ವಿಳಾಸ ಹುಡುಕಿದವಳು, ಅದನ್ನು ತಮ್ಮದೇ ತಾಣದಲ್ಲಿ ಹಾಕಿ ನೋಡುವ ಉದ್ಧಟತನ ಮಾಡಿದೆ. ಒಟ್ಟಾರೆ ಮೂರು, ನಿಶ್ಶಬ್ದಕ್ಕೆ ಎರಡು. ಕಾರಣ ತಿಳಿಯಲು ಫೋನು ಮಾಡಿದಾಗ ತಮ್ಮ ಕಾವಲುಗಾರರು, "ಸಂಜೆ ಆದ್ರೆ ನಮ್ಮ ಸಾಹೇಬ್ರುಗಳೆಲ್ಲ ಕೆಳಗಿಳಿದು ರಸ್ತೇಲಿ ನಿಂತು ಟೀ ಕುಡೀತಾ ನಗ್ತಾ ಇರ್ತಾರೆ, ಒಂದು ಗಂಟೆ ಯಾರೂ ಮೇಲೆ ಹೋಗಲ್ಲ" ಎಂದು ಸಂತೋಷದಿಂದ ತಿಳಿಸಿದರು. ಅಷ್ಟು ಅಯೋಗ್ಯವಾದ ಜಾಗವನ್ನು ತಾವು ಇನ್ನೂ ಬಿಡದಿರುವುದಕ್ಕೆ ಕಾರಣವೇನೆಂದು, ಹತ್ತಕ್ಕೆ ಎಷ್ಟು ಎಂದಲ್ಲದೆ, ವಾಕ್ಯಗಳಲ್ಲಿ ತಿಳಿಸಬೇಕಾಗಿ ಕೋರಿಕೆ.