ಅತ್ತೆ ಹಿಡಿದ ಕೊಲೆಗಾರ

"ಆ ಮನೇಲಿ ಅತ್ತೆ ಅಳಿಯ ಸೇರ್ಕಂಡು ದಿನಾ ಸಂಜೆ ಒಬ್ಬ ದೊರೇನ ಸಾಯಿಸ್ತರೆ" ಎಂದು ಚಾಮರಾಜನಗರದ ನಮ್ಮ ಬೀದಿಯವರು ಹೇಳುತ್ತಿದ್ದರು. ಸುಳ್ಳಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತನಾದ ನಾನು, ಐವತ್ತನಾಲ್ಕನೇ ಇಸವಿಯಲ್ಲಿ, ನಾಡೇ ಬೆರಗಾಗುವಂಥ ಪತ್ತೇದಾರಿ ಕಾದಂಬರಿ ಬರೆದೇ ತೀರುತ್ತೇನೆಂದು ಪಣ ತೊಟ್ಟಿದ್ದೆ. ಬ್ರಿಟಿಷರ ಕಾಲದ ಕಥೆ. ಗೋಪಾಲಸ್ವಾಮಿ ಬೆಟ್ಟದ ಕೆಳಗಿನ ಬಂಗಲೆಯಲ್ಲಿ, ಶಿಕಾರಿಗೆ ಬಂದ ಬಿಳಿ ದೊರೆಯೊಬ್ಬ ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹೆಣವಾಗಿದ್ದಾನೆ. ಕೊಂದವರು ಯಾರೆಂದು ಕೊನೆಯ ಪುಟದವರೆಗೆ ಆ ಶಿವನಿಗೂ ತಿಳಿಯಬಾರದು!

ಬರೆದಷ್ಟನ್ನು ಸಂಜೆ ಅತ್ತೆ ಮಲ್ಲಾಜಮ್ಮನಿಗೆ ಓದಿ ಹೇಳುತ್ತಿದ್ದೆ. ಅವರು ನನ್ನ ಸೋದರತ್ತೆ. ಮಗಳು ಮಂಗಳಗೌರಿಯನ್ನು ನನಗೇ ಕೊಟ್ಟು, ಮೂರು ವರ್ಷದಿಂದ ನಮ್ಮಲ್ಲೇ ಇದ್ದರು. ಕಣ್ಣು ಮಂಜಾಗಿತ್ತು. ಗುಂಡ್ಲುಪೇಟೆಯಲ್ಲಿ ಮನೆ ಕಟ್ಟಿಸಿದ ಮಗ, ಇನ್ನು ತಾಯಿ ತನ್ನಲ್ಲೇ ಇರಲೆಂದು ಹೇಳಿಕಳಿಸಿದ್ದ. ಸೋಮವಾರ ಪ್ರಯಾಣ. "ಅಷ್ಟೊತ್ಗೆ ಕಥೆ ಮುಗ್ಸ್ಬುಡು ಕಣಪ್ಪ. ಕೊಂದೋನ್ಯಾರು ಅಂತ ತಿಳೀದೆ ಹೋದ್ರೆ ಅಲ್ಲಿ ನಂಗೆ ನಿದ್ದೆ ಬರಾಕಿಲ್ಲ" ಎಂದಿದ್ದರು.

ಶುಕ್ರವಾರ, ಪೊಲೀಸ್ ಜಮಾದಾರ ನಡೆಸುವ ವಿಚಾರಣೆಯ ಭಾಗ ಓದಿದೆ. ದೊರೆಯ ಬಟ್ಲರನೇ ಕೊಲೆಗಾರನೆಂಬುದು ನನ್ನ ಗುಟ್ಟು. ಊರ ಪಟೇಲ ಸಿದ್ದಮಲ್ಲಪ್ಪ ದೇವರಂಥವನು. ಕೊಲೆಯಾದಾಗ ಎಲ್ಲಿದ್ದಿರಿ ಎಂದರೆ, ಎದ್ದವನೇ ಮುಖ ತೊಳೆದು ಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದೆ ಎನ್ನುತ್ತಾನೆ.

"ನಿಲ್ಸು. ಪಟೇಲನೇ ಕೊಂದೋನು" ಎಂದರು ಅತ್ತೆ.

"ಅದೆಂಗತ್ತೆ?" ಎಂದೆ.

"ಕೊರಳಲ್ಲಿ ಲಿಂಗ ಕಟ್ಟಿರೋನು ಸ್ನಾನ ಇಲ್ದೆ, ಲಿಂಗಪೂಜೆ ಇಲ್ದೆ ರೊಟ್ಟಿ ಮುರಿತನಾ? ಸುಳ್ಳು ಹೇಳ್ತಾವ್ನೆ."

ನಾನು ಪಟೇಲನ ಪರ ವಕಾಲತ್ತಿಗೆ ನಿಂತೆ. ಹಸಿವು ತಡೆಯಲಾರದೆ ಹಾಗೆ ತಿನ್ನುವ ಸಜ್ಜನರೂ ಉಂಟು, ನನಗೇ ಗೊತ್ತು ಎಂದುಬಿಟ್ಟೆ.

ಒಲೆಯ ಮುಂದಿದ್ದ ಮಂಗಳಗೌರಿ ಈಚೆ ಬಂದಳು. "ಯಾರದು, ಅಂಗೆ ತಿನ್ನೋರು?"

ದೊರೆಯ ಕೊಲೆ ಅಲ್ಲಿಗೇ ನಿಂತು ನನ್ನ ವಿಚಾರಣೆ ಶುರುವಾಯಿತು. ಸ್ನಾನಕ್ಕೆ ಮೊದಲು ವಾಯುಸೇವನೆಗೆಂದು ದಿನಾ ರೈಲ್ವೆ ಸ್ಟೇಷನ್ ಕಡೆಗೇ ಏಕೆ ಹೋಗುತ್ತೇನೆ, ಬಂದು ಪೂಜೆ ಮುಗಿಸಿ ಕೂತರೆ ಎರಡನೇ ರೊಟ್ಟಿ ಏಕೆ ಸೇರುವುದಿಲ್ಲ, ಅಂಗಿಯ ತೋಳಿಗೆ ಸಾಂಬಾರಿನ ಕಲೆ ಎಲ್ಲಿಂದ ಬಂತು... ನನ್ನ ಜಮಾದಾರನಿಗೆ ನೂರು ಪುಟದಲ್ಲಿ ಹೊಳೆಯದ ಬುದ್ಧಿ ಅವಳಿಗೆ ಮೂರೇ ಪ್ರಶ್ನೆಯಲ್ಲಿ ಹೊಳೆಯಿತು. ದಿನಾ ಪೂಜೆಗೆ ಮೊದಲೇ ತಿನ್ನುತ್ತಿದ್ದ, ಸ್ಟೇಷನ್ ಎದುರಿನ ಹೋಟೆಲಿನ ನಾಲ್ಕು ಇಡ್ಲಿಗಳನ್ನು ಒಪ್ಪಿಕೊಂಡೆ. ಮೂರು ವರ್ಷವೂ ಅತ್ತೆ ನನ್ನ ಪೂಜೆ ಮುಗಿಯುವವರೆಗೆ ತುತ್ತು ಮುಟ್ಟದೆ ಕಾದಿದ್ದರು. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಸೋಮವಾರದ ಹೊತ್ತಿಗೆ ಪಟೇಲನನ್ನೇ ಕೊಲೆಗಾರನನ್ನಾಗಿ ತಿದ್ದಿದ್ದೆ. ಬಾಗಿಲಿಗೆ ಜಟಕಾ ಬಂತು. ಅತ್ತೆ ಹೊಸಿಲ ಬಳಿ ನಿಂತೇ ಕೊನೆಯ ಪುಟ ಕೇಳಿದರು.

"ಗಲ್ಲಿಗಾಕ್ಬುಟ್ಟಿಯಾ?"

"ಹೂಂ ಅತ್ತೆ. ನೀವೇ ಹಿಡ್ಕೊಟ್ಟೋನಲ್ವಾ."

"ಬ್ಯಾಡ ಕಣಪ್ಪ, ಅವನ್ನ ಬುಟ್ಬುಡು. ಹೊಟ್ಟೆ ಹಸ್ದಿತ್ತು, ತಿಂದವ್ನೆ. ನಾಳೆಯಿಂದ ಕೋಳಿ ಕೂಗೋ ಹೊತ್ಗೇ ಸ್ನಾನಕ್ಕೆ ನೀರು ಕಾಯ್ಸು ಅಂತ ಅವ್ನ ಎಂಡ್ರುಗೆ ಹೇಳಿವ್ನಿ."

ಮಂಗಳಗೌರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ.

"ಹಂಗಾದ್ರೆ ದೊರೇನ ಕೊಂದೋನ್ಯಾರತ್ತೆ?" ಎಂದೆ.

"ಯಾರಾರ ಆಗ್ಲಿ, ನಮ್ಮೋರಲ್ಲ" ಎನ್ನುತ್ತಾ ಅತ್ತೆ ನನ್ನ ಭುಜ ಹಿಡಿದು ಮೆಲ್ಲಗೆ ಹೊಸಿಲು ದಾಟಿ ಜಟಕಾ ಹತ್ತಿದರು. ಆ ಮನೆಯ ಹೊಸಿಲನ್ನು ಅವರು ದಾಟಿದ್ದು ಅದೇ ಕೊನೆ.